ಹದಿನಾಲ್ಕನೆಯ ಹೆಸರು

ಗುತ್ತಲಿನ ನಮ್ಮ ಅಂಗನವಾಡಿಗೆ ಒಂದೇ ಕೋಣೆ, ಬಾಡಿಗೆಯದು.
ಗೋಡೆಯ ಮೇಲೆ ಅ ಅರಸ, ಆ ಆನೆ,
ಆನೆಯ ಸೊಂಡಿಲಿಗೆ ಹೋದ ವರ್ಷದ ತೇವ.
ಕಿಟಕಿಯಾಚೆ ಕಬ್ಬಿನ ಲಾರಿ ತಿರುವಿನಲ್ಲಿ ಗೇರು ಬದಲಿಸಿದರೆ
ಸ್ಟೀಲು ಲೋಟಗಳು ಸಾಲಾಗಿ ನಡುಗುತ್ತವೆ.
ಮೊದಲು ತಿರುಗುವವನು ತನುಷ್.
ನಡುಕಕ್ಕೆ. ಸದ್ದಿಗಲ್ಲ.

ಜೂನಿನಲ್ಲಿ ಅವನಮ್ಮ ಬಂದು ಬಾಗಿಲಲ್ಲೇ ನಿಂತಿದ್ದಳು,
ಒಳಗೆ ಬರಲು ಅಪ್ಪಣೆ ಬೇಕೇನೋ ಎಂಬಂತೆ.
"ಸುಮ್ನೆ ಕೂತಿರ್ತಾನೆ ಮಿಸ್, ತೊಂದ್ರೆ ಕೊಡಲ್ಲ,
ಒಂದು ಮೂಲೆ ಇದ್ರೆ ಸಾಕು."
ನಾನು ಮೂಲೆ ಕೊಟ್ಟೆ.
ಬೇಳೆ ತುಂಬಿದ ತಗಡಿನ ಪೆಟ್ಟಿಗೆಯ ಪಕ್ಕ,
ಗಾಳಿ ಬರುವ ಜಾಗ, ಒಳ್ಳೆಯ ಮೂಲೆಯೇ.
ಅದನ್ನು ಕರುಣೆ ಅಂದುಕೊಂಡಿದ್ದೆ.

ಮೈಸೂರಿಗೆ ನಾಲ್ಕು ಸಲ ಓಡಾಡಿ ತಂದ ಕಿವಿಯ ಮಿಷನ್ನು
ಒಮ್ಮೆ ಬೆವರಿಗೆ ನೆನೆದು ಕೆಟ್ಟಿತ್ತಂತೆ.
ಅಂದಿನಿಂದ ಕರ್ಚೀಫು ಸುತ್ತಿಕೊಂಡು
ಅಕ್ಕಿಡಬ್ಬಿಯೊಳಗೆ ಮಲಗಿದೆ;
ಹಬ್ಬಕ್ಕೆ ಮಾತ್ರ ಹೊರಗೆ, ಅವನಮ್ಮನ ಓಲೆಯ ಹಾಗೆ.

ಈಗ ನಾನು ಹೇಳಬೇಕಾದದ್ದು.
ಹಾಜರಿ ಪುಸ್ತಕದಲ್ಲಿ ಅವನದು ಹದಿನಾಲ್ಕನೆಯ ಹೆಸರು.
ಹದಿಮೂರರವರೆಗೆ ಕೂಗುತ್ತಿದ್ದೆ,
ಹದಿನಾಲ್ಕಕ್ಕೆ ಕಣ್ಣೆತ್ತಿ ಮೂಲೆ ನೋಡಿ
ಸದ್ದಿಲ್ಲದೆ ಗೀಟೆಳೆದು
ಹದಿನೈದಕ್ಕೆ ಹೋಗುತ್ತಿದ್ದೆ.
ಕೇಳದ ಮಗುವನ್ನು ಕೂಗಿ ಉತ್ತರಕ್ಕೆ ಕಾಯುವುದು
ಎಲ್ಲರೆದುರು ಅವನ ಕೊರತೆ ಎತ್ತಿ ಆಡಿದ ಹಾಗಲ್ಲವೇ.
ಮೂರು ತಿಂಗಳು.
ಒಂದು ದಿನವೂ ತಪ್ಪದೆ ಬಂದವನನ್ನು
ಒಂದು ದಿನವೂ ಕರೆಯಲಿಲ್ಲ.

ಹಿಡಿದದ್ದು ಸಿಂಚು. ನಾಲ್ಕು ವರ್ಷ, ಸದಾ ನೆಗಡಿ.
"ಮಿಸ್, ತನುಷಂದು ಕೂಗ್ಲೇ ಇಲ್ಲ ನೀವು."
"ಅವ್ನಿಗೆ ಕೇಳಲ್ಲ ಕಣವ್ವ."
ಲಂಗದ ಅಂಚಿನಿಂದ ಮೂಗೊರೆಸಿಕೊಂಡು
ತುಸು ಯೋಚಿಸಿದಳು.
"ನಮ್ಗೆ ಕೇಳ್ತದಲ್ಲ."

ಒಲೆಯ ಮುಂದೆ ಮೊಟ್ಟೆ ಸುಲಿಯುತ್ತಿದ್ದ ಕೆಂಪಾಜಮ್ಮನ ಕೈ
ಅರ್ಧ ಸಿಪ್ಪೆಯಲ್ಲಿ ನಿಂತಿತು.
ಟ್ರೈನಿಂಗಿನಲ್ಲಿ ಎರಡು ದಿನ ಕೂತವಳು ನಾನು,
ಟೀ, ಬಿಸ್ಕತ್ತು, ಪರದೆಯ ಮೇಲೆ ಬಾಣದ ಗುರುತುಗಳು.
ಎಲ್ಲರನ್ನೂ ಒಳಗೊಳ್ಳಿ ಎಂದು ಬರೆದುಕೊಂಡ ನೋಟ್‌ಬುಕ್ಕು
ಆ ಪೆಟ್ಟಿಗೆಯ ಮೇಲೇ ಇತ್ತು,
ಅವನ ತಲೆಗೆ ತಾಗುವಷ್ಟು ಹತ್ತಿರ.

ಕೂಗಿದೆ. "ತನುಷ್ ಎಸ್."
ಗಂಟಲಿಗೆ ಹೊಸ ಹೆಸರು, ಸ್ವಲ್ಪ ಒಡೆಯಿತು.
ಅವನು ಗೋಡೆಯ ಆನೆ ನೋಡುತ್ತಿದ್ದ.
ಅವನ ಪರವಾಗಿ ಹಾಜರ್ ಅನ್ನುವವರು ಯಾರು?
ಫರ್ಹಾನ ನಾನು ಅಂದ, ಸಿಂಚು ನಾನ್ಲಾ ಅಂದಳು,
ತಳ್ಳಾಟದಲ್ಲಿ ಯಾರದೋ ಹಿಮ್ಮಡಿ
ತಗಡಿನ ಪೆಟ್ಟಿಗೆಗೆ ಬಡಿಯಿತು, ಢಣ್.
ಬೆನ್ನು ಒರಗಿಸಿ ಕೂತಿದ್ದವನು ತಿರುಗಿದ.
ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ,
ಕದ ತಟ್ಟಿದ್ದು ಯಾರು ಎಂದು
ಒಳಗಿನಿಂದ ಕೇಳುವವರ ಹಾಗೆ.

ಬೇಳೆ ಬರುವುದು ತಡವಾದ ತಿಂಗಳು ಈಗ ಮಕ್ಕಳಿಗೆ ಖುಷಿ,
ಖಾಲಿ ಪೆಟ್ಟಿಗೆ ಹೆಚ್ಚು ಗುಡುಗುತ್ತದೆ.
ಹದಿನಾಲ್ಕು ಬಂದಾಗ ಹೆಸರು ಕೂಗಿ ಒಂದೇಟು ಬಡಿಯುತ್ತಾರೆ,
ಅವನು ತಿರುಗಿ ಎರಡು.
ಮೂರು ಬಡಿದರೆ ಕೋಪ ಬಂದಿದೆ ಅಂತ ಅರ್ಥ,
ಸಿಂಚು ನನಗೆ ಹೇಳಿಕೊಟ್ಟಿದ್ದಾಳೆ.
ಮನೆ ಓನರು ಎರಡು ಸಲ ಬಂದು ಹೋದರು, ಗದ್ದಲ ಜಾಸ್ತಿ ಅಂತ.
ಮಿಷನ್ನು ಇನ್ನೂ ಅಕ್ಕಿಯಲ್ಲೇ ಇದೆ.
ಕೆಟ್ಟರೆ ಕೆಡಲಿ, ದಿನಾ ಹಾಕಿ ಕಳಿಸು ಅನ್ನುತ್ತಲೇ ಇದ್ದೇನೆ,
ಅವಳು ತಲೆಯಾಡಿಸುತ್ತಲೇ ಇದ್ದಾಳೆ.

ಮೊನ್ನೆ ಯಾಕೋ ಹಾಜರಿಯ ಹೊತ್ತಿಗೇ ಬಂದಳು.
ಅಷ್ಟೊಂದು ಬಾಯಲ್ಲಿ ಮಗನ ಹೆಸರು ಕೇಳಿ
ಬಾಗಿಲಲ್ಲಿ ಒಂದು ಚಪ್ಪಲಿ ಬಿಟ್ಟಳು,
ಇನ್ನೊಂದು ಕಾಲಿನ ಚಪ್ಪಲಿಯಲ್ಲೇ
ಒಳಗೆ ನಡೆದು ಬಂದಳು.