ನಾಲ್ಕನೇ ಸೀಟು

ತಳೋಜಾದ ಶೀತಕೋಣೆಯಲ್ಲಿ ರಾತ್ರಿ ಎರಡು ಗಂಟೆ.
ಸ್ವೆಟರಿನ ಮೇಲೆ ಬಿಳಿ ಕೋಟು, ಅದರ ಮೇಲೆ ಏಪ್ರನ್ನು,
ಉಸಿರು ಹೊಗೆಯಾಗಿ ನನಗಿಂತ ಮುಂದೆ ಹೋಗುತ್ತದೆ.
ಪಟ್ಟಿಯ ಮೇಲೆ ಸಾಲಾಗಿ ಬರುತ್ತವೆ
ಕೋಳಿ ಸಲಾಮಿಯ ತೆಳು ಬಿಲ್ಲೆಗಳು,
ಇಸ್ತ್ರಿ ಮಾಡಿ ಮಡಿಸಿಟ್ಟಂತೆ.
ಅವುಗಳಿಗೆ ನಾನು ಹೆಪ್ಪು ಹಾಕುತ್ತೇನೆ.

ಹೆಪ್ಪು ಅಂದರೆ ನಗುತ್ತಾರೆ ಖಾಮ್ಕರ್ ಮೇಡಂ.
‘ಆಡಿಟರ್ ಬಂದಾಗ ಕಲ್ಚರ್ ಅನ್ನು.’
ಸರಿ. ಆದರೆ ಕೆಲಸ ಅದೇ ಅಲ್ಲವೆ?
ಮಜ್ಜಿಗೆಯ ಬಳಗದವೇ ಇವು,
ನೀರಿನಲ್ಲಿ ಕಲಸಿದರೆ ತುಸು ಮಬ್ಬು,
ನಳಿಗೆಯಿಂದ ಇಬ್ಬನಿಯ ಹಾಗೆ ಇಳಿದು
ಮಾಂಸದ ಮೇಲೆ ಕೂರುತ್ತವೆ.
ಆಮೇಲೆ ಪ್ಲಾಸ್ಟಿಕ್ಕು. ಆಮೇಲೆ ಗಾಳಿ ಹೀರುವ ಸದ್ದು.
ಆಮೇಲೆ ಕತ್ತಲು, ನಾಲ್ಕು ಡಿಗ್ರಿ, ಮೂವತ್ತು ದಿನ.

ಅಪ್ಪ ದೇವನಾರಿನಲ್ಲಿ ಕತ್ತಿ ಹಿಡಿದವನು.
ಇಂಡಿಯಿಂದ ಕುರಿ ಲಾರಿಯ ಜೊತೆ ಬಂದು
ಇಳಿದಲ್ಲೇ ಉಳಿದವನು.
ಅವನಿಗೆ ಮೂಗೇ ಲ್ಯಾಬು, ಹೆಬ್ಬೆರಳೇ ಥರ್ಮಾಮೀಟರು.
ಮುಂಜಾನೆ ಕಡಿದದ್ದು ಮಧ್ಯಾಹ್ನದೊಳಗೆ ತೀರಬೇಕು,
ತೀರದಿದ್ದರೆ ನಾಯಿಗೆ. ಮನೆಗಲ್ಲ.
‘ಖಂಡ ಸುಳ್ಳ ಹೇಳಂಗಿಲ್ಲವಾ ತಂಗಿ,
ಕೆಟ್ರ ಕೆಟ್ಟೀನಿ ಅಂತ ತಾನ ಹೇಳತೈತಿ.’

ಹೇಳುವುದಿಲ್ಲ ಅಪ್ಪಾ, ಎಲ್ಲ ಸಲ ಹೇಳುವುದಿಲ್ಲ.
ಒಂದಿದೆ. ಲಿಸ್ಟೇರಿಯಾ.
ನಾರುವುದಿಲ್ಲ, ಬಣ್ಣಗೆಡಿಸುವುದಿಲ್ಲ, ಲೋಳೆ ಕಟ್ಟುವುದಿಲ್ಲ,
ಉಳಿದವೆಲ್ಲ ಮುದುಡುವ ಚಳಿಯಲ್ಲಿ
ಮೆಲ್ಲಗೆ ಸಂಸಾರ ಹೂಡುತ್ತದೆ.
ಗಟ್ಟಿ ಮೈಯವರಿಗೆ ಎರಡು ದಿನದ ಜ್ವರ.
ಬಸುರಿಯರದು ಬೇರೆ.
ಒಳಬಾಗಿಲು ಅದಕ್ಕೆ ಗೊತ್ತು.

ಅತ್ತಿಗೆ ತುಳಜಾಳಿಗೆ ಆಗ ಏಳನೆಯ ತಿಂಗಳು.
ಫ್ರಿಜ್ಜಿನಿಂದ ತೆಗೆದು ತಣ್ಣಗೇ ತಿಂದಳು, ಬ್ರೆಡ್ಡಿನೊಳಗಿಟ್ಟು.
ನಾನೇ ತಂದುಕೊಟ್ಟದ್ದು. ಬಿ.ಎಸ್ಸಿ. ಎರಡನೇ ವರ್ಷ.
ಅದರಿಂದಲೇ ಎಂದು ಯಾರೂ ಹೇಳಲಿಲ್ಲ.
ಸಾಯನ್ ಆಸ್ಪತ್ರೆಯ ಕಾಗದದಲ್ಲಿ ಒಂದು ಹೆಸರಿತ್ತು,
ಮನೆಯಲ್ಲಿ ಇಂಗ್ಲಿಷು ಬರುತ್ತಿದ್ದುದು ನನಗೊಬ್ಬಳಿಗೆ.
ನಾನು ಓದಿ ಹೇಳಲಿಲ್ಲ.

ಬೆಳಿಗ್ಗೆ ಖಾರ್‌ಘರ್‌ನಲ್ಲಿ ಲೋಕಲ್ ಹತ್ತುತ್ತೇನೆ.
ಮೂವರ ಸೀಟಿಗೆ ಮೂವರು, ಅಂಚಿಗೆ ನಾಲ್ಕನೆಯವಳು ನಾನು,
ಅರ್ಧ ಸೊಂಟ ಗಾಳಿಯಲ್ಲಿ.
ಪನ್ವೇಲಿನಿಂದ ಬಂದ ಹೂವಿನವರು
ಬುಟ್ಟಿ, ಟಿಫಿನ್ನು, ಮೊಣಕೈ, ಮಾತು
ಎಲ್ಲವನ್ನೂ ಹರಡಿಕೊಂಡು ಕೂತಿರುತ್ತಾರೆ.
ವಾಶಿಯಲ್ಲಿ ಯಾವಳೋ ಜಗಳಗಂಟಿ ಹತ್ತಿದರೆ
ಯಾರೂ ಅವಳನ್ನು ತಳ್ಳುವುದಿಲ್ಲ.
ಜಾಗ ಇರುವುದಿಲ್ಲ, ಅಷ್ಟೆ.
ಇದನ್ನೇ ರಾತ್ರಿಯಿಡೀ ಮಾಂಸಕ್ಕೆ ಕಲಿಸಿ ಬಂದಿರುತ್ತೇನೆ.

ಪೂರ್ತಿ ಅಷ್ಟೇ ಅಲ್ಲ, ನಿಜ.
ನಮ್ಮವೂ ಕೈ ಮಾಡುತ್ತವೆ. ಕೂತಲ್ಲೇ
ಸಣ್ಣಗೆ ಏನೋ ಉಗುಳುತ್ತವೆ, ಅದು ತಾಗಿದರೆ
ಆಚೆಯದರ ಗೋಡೆ ತೂತು.
ತಟ್ಟೆಯಲ್ಲಿ ನೋಡಿದ್ದೇನೆ:
ಅಂಚಿನವರೆಗೂ ಹಬ್ಬಿದ ಲಿಸ್ಟೇರಿಯಾದ ಮಂಕು ಹಾಸು,
ನಡುವೆ ನಮ್ಮವರ ಒಂದು ಚುಕ್ಕೆ,
ಸುತ್ತ ತಿಳಿಯಾದ ಬಳೆ.
ಹನ್ನೊಂದು ಮಿಲಿಮೀಟರು.
ಬರೆದುಕೊಂಡೆ. ಅಳತೆಪಟ್ಟಿ ಮತ್ತೊಮ್ಮೆ ಇಟ್ಟೆ.
ಕುಬಸಕ್ಕೆ ತೊಡಿಸಿದ ಹಸಿರು ಬಳೆಗಳನ್ನು ತುಳಜಾ
ಆಮೇಲೆ ಸೋಪು ಹಚ್ಚಿ ಒಂದೊಂದಾಗಿ ತೆಗೆದಿಟ್ಟಳು,
ಒಂದೂ ಒಡೆಯದೆ.

ನಿನ್ನೆ ಗೋವಂಡಿಯ ಮನೆಯಲ್ಲಿ
ಹಾಲಿನ ಪಾತ್ರೆಗೆ ಬೆರಳದ್ದಿ ಬಿಸಿ ನೋಡುತ್ತ ಅಂದಳು:
‘ದಿನಾ ಅದನ್ನ ಮಾಡ್ತಿ. ಒಂದಿನಾನೂ ಮನಿಗೆ ತರಲಿಲ್ಲ.’
ಮೂವತ್ತನೆಯ ದಿನದ ಪ್ಯಾಕೆಟ್ಟು ಚೀಲದಲ್ಲಿತ್ತು.
ಆ ಬ್ಯಾಚು ಎರಡು ಸಲ ಪಾಸಾಗಿದೆ,
ಸಹಿ ನನ್ನದೇ.
ಕತ್ತರಿಸಿ ಮೂಸಿದೆ, ಅಪ್ಪನ ಹಾಗೆ.
ತುಸು ಹುಳಿ, ನಿನ್ನೆಯ ಮಜ್ಜಿಗೆಯಷ್ಟು.
ಅವಳು ಕೈ ಚಾಚಿದಳು.

‘ತಡಿ,’ ಅಂದೆ. ‘ಹಂಚು ಕಾಯಲಿ.’

ಚುರ್ ಎಂದಿತು.
ನಮ್ಮವೂ ಅದರಲ್ಲೇ ಇದ್ದವು.