ನಿಶಾನೆ ಪಿ-೬

ಫೋಟೋದಲ್ಲಿ ಹೊಂಗೆಮರ, ಮರದಡಿ ನಾಲ್ಕು ಗಾಲಿಯ ಗಾಡಿ,
ಗಾಡಿಯ ಮೇಲೆ ಬಾಯಿ ತೆರೆದ ಇದ್ದಿಲ ಪೆಟ್ಟಿಗೆ,
ಹಿಂದೆ ವಾದಿಯ ಹೊಸ ಗೇಟು, ಅರ್ಧ ಮಾತ್ರ.
ಕೊಂಬೆಗೆ ಬಿಗಿದ ತಂತಿಯಲ್ಲಿ
ಮೂರು ಸೀರೆ, ಒಂದು ಶಾಲೆಯ ಲಂಗ,
ಕೊನೆಗೊಂದು ಕರಿಕೋಟು.

ಕೋಟು ನನ್ನದು.

ಎಡಗೈಯ ಎರಡನೇ ಗುಂಡಿ ಬಿದ್ದುಹೋದಾಗ
ಕಂದುಬಣ್ಣದ್ದು ಹೊಲಿಸಿದ್ದೆ. ಅದೂ ಕಾಣುತ್ತದೆ
ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರೆ.
ಮಿಕ್ಕವರಿಗೆ ಅದೊಂದು ಕೋಟು, ಅಷ್ಟೆ.
ಈ ಕಟ್ಟಡದಲ್ಲಿ ಕರಿಕೋಟಿಗೇನು ಬರ?
ಲಿಫ್ಟಿನಲ್ಲಿ ಒಂದನ್ನೊಂದು ಉಜ್ಜಿಕೊಂಡೇ ಮೇಲೇರುತ್ತವೆ.

ಪ್ರತಿವಾದಿ: ದೊರೈಕಣ್ಣು, ಬಿನ್ ಲೇಟ್ ಚಿನ್ನಪ್ಪಯ್ಯನ್,
ವಯಸ್ಸು ಸುಮಾರು ಅರವತ್ತೊಂದು, ಇಸ್ತ್ರಿ ಕೆಲಸ, ವಿಲ್ಸನ್ ಗಾರ್ಡನ್.
ಹನ್ನೊಂದು ವರ್ಷ ನನ್ನ ಬಟ್ಟೆಯ ಸುಕ್ಕು ಬಿಡಿಸಿದ ಕೈಗೆ
ಹೀಗೊಂದು ಹೆಸರಿತ್ತೆಂದು
ದಾವೆಪತ್ರ ಓದಿ ತಿಳಿಯಿತು.

ಒಮ್ಮೆ ಜೇಬಿನಲ್ಲಿ ಐವತ್ತರ ನೋಟು ಮರೆತಿದ್ದೆ.
ಮರುದಿನ ಅದೇ ಜೇಬಿನಲ್ಲಿ ಬಂತು
ಇಸ್ತ್ರಿಯಾಗಿ, ಆಗಷ್ಟೇ ಬ್ಯಾಂಕಿನಿಂದ ಬಿಡಿಸಿದ ಹಾಗೆ.
ಇದು ಋಣವೆ? ನೋಟು ನನ್ನದೇ.
ಸುಕ್ಕು ತೆಗೆದದ್ದಕ್ಕೆ ಅವನು ಕಾಸು ಕೇಳಲಿಲ್ಲ,
ನಾನು ಕೊಡಲೂ ಇಲ್ಲ. ಆದರೆ ಯಾಕೋ
ಆ ನೋಟನ್ನು ಇವತ್ತಿಗೂ ಖರ್ಚು ಮಾಡಿಲ್ಲ.

ಈಚಲಮರದ ಕೆಳಗೆ ಮಜ್ಜಿಗೆ ಕುಡಿದವಳ ಗಾದೆಯನ್ನು
ಅಜ್ಜಿ ನನಗೆ ಹೇಳಿದ್ದು ಬೇರೆ ಕಾರಣಕ್ಕೆ,
ಲಾಲ್‌ಬಾಗ್ ಸ್ಟಾಪಿನಲ್ಲಿ ಸಹಪಾಠಿಯ ಜೊತೆ ನಿಂತದ್ದಕ್ಕೆ.
ಆಗ ರೇಗಿದ್ದೆ: ಕುಡಿದದ್ದು ಮಜ್ಜಿಗೆ ತಾನೆ?
ಈಗ ಅನಿಸುತ್ತದೆ, ಆ ಗಾದೆಯಲ್ಲಿ ಮುಖ್ಯ ಮಜ್ಜಿಗೆಯಲ್ಲ,
ಅವಳೂ ಅಲ್ಲ, ಆ ದಾರಿಯಲ್ಲಿ ಹಾದುಹೋಗುವವನು.
ಅವನ ಕಣ್ಣಿಗೂ ಒಂದು ಹಕ್ಕುಂಟು.

ಹೋದ ವರ್ಷ ಒಬ್ಬ ಭೂಮಾಲೀಕ
‘ತಮ್ಮಲ್ಲಿ ನಂಬಿಕೆಯಿಲ್ಲ’ ಎಂದು ಮೆಮೊ ಹಾಕಿಸಿದ.
ನಾನು ಏಳಲಿಲ್ಲ.
ಗದರಿದವರಿಗೆಲ್ಲ ಎದ್ದು ಜಾಗ ಬಿಡಲು
ಇದೇನು ಬಿಎಂಟಿಸಿ ಸೀಟೆ?
ಅವತ್ತು ಕೂತದ್ದು ಸರಿ. ಇವತ್ತು?

ಅವನ ಕಡೆ ವಾಲುತ್ತೇನೆಂಬ ಭಯವಿಲ್ಲ ನನಗೆ.
ವಾಲಲಿಲ್ಲವೆಂದು ತೋರಿಸಲು
ಇನ್ನೊಂದು ಕಡೆ ಬಿದ್ದೇನು,
ಮೊದಲ ದಿನವೇ ತಡೆಯಾಜ್ಞೆ ಕೊಟ್ಟು
ನಾನೆಷ್ಟು ನೆಟ್ಟಗೆ ಎಂದು ಬೀಗಿಯೇನು,
ಗಾಡಿ ಹೋದಮೇಲೆ ಮರದಡಿ ಬೂದಿ ನೋಡಿ
ಬೇರೆ ರಸ್ತೆ ಹಿಡಿದೇನು.

ಬಾಗಿಲು ತೆರೆದ ಕೋರ್ಟಿನಲ್ಲೇ ಹೇಳಿಬಿಟ್ಟೆ:
‘ಈ ಚಿತ್ರದ ಕೋಟು ನನ್ನದು.’
ಸ್ಟೆನೋ ಕುಸುಮಾವತಿಯ ಬೆರಳು ನಿಂತವು.
ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ವಾದಿಯ ವಕೀಲರು ಎದ್ದರು, ಅನುಭವಸ್ಥರು,
‘ನಮ್ಮ ತಕರಾರಿಲ್ಲ ಮೇಡಂ, ತಾವೇ ನಡೆಸಿ.’
ಆ ನಗು ನನಗೆ ಗೊತ್ತು. ನನ್ನ ಭಯ
ಅವರಿಗೂ ಗೊತ್ತಿತ್ತು.
ಕಾನೂನು ನೆರವಿನ ಹುಡುಗಿಯೂ ತಡಮಾಡದೆ, ‘ನಮ್ಮದೂ ಇಲ್ಲ.’

ಇಬ್ಬರೂ ಒಪ್ಪಿದ ಮೇಲೆ ಇನ್ನೇನು?
ಮೂರನೆಯವನೊಬ್ಬನಿದ್ದ, ವಕಾಲತ್ತು ಹಾಕದವನು,
ಬಾಗಿಲ ಬಳಿ ನಿಂತು ಬೇರೆ ಯಾವುದೋ ಕೇಸಿಗೆ ಕಾಯುತ್ತಿದ್ದವನು.
ಅವನನ್ನು ಕೇಳುವ ಕ್ರಮ ಯಾವ ಸಂಹಿತೆಯಲ್ಲೂ ಇಲ್ಲ.

‘ನನ್ನ ಮುಂದೆ ಬೇಡ. ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಲು
ಕಡತವನ್ನು ಪ್ರಧಾನ ನ್ಯಾಯಾಧೀಶರಲ್ಲಿ ಮಂಡಿಸಿ.’
ದೊರೈಕಣ್ಣುವಿಗೆ ಮೊದಲ ಮೂರು ಪದ ಮಾತ್ರ ಅರ್ಥವಾದವು.
ಕೈಮುಗಿದದ್ದು ಹಾಗೇ ನಿಂತಿತು,
ಎಲ್ಲಿ ಇಳಿಸುವುದೆಂದು ತಿಳಿಯದೆ.

ಆ ವಾರ ಬಟ್ಟೆ ಕಳಿಸಲಿಲ್ಲ.
ಅಡುಗೆಮನೆಯ ಕಟ್ಟೆಯ ಮೇಲೆ ನಾನೇ ಒತ್ತಿದೆ.
ಕಾಲರಿನ ಹತ್ತಿರ ಹೊಳೆಯುತ್ತಿದೆ ಒಂದು ಗಾಯ.

ಶನಿವಾರ ಅವನ ಮೊಮ್ಮಗ ಬಂದ,
ಉಳಿದಿದ್ದ ಹಳೇ ಗಂಟು ತಂದು.
‘ಬಟ್ಟೆ ಎಂಟು, ಬಾಕಿ ಎಂಬತ್ತು.
ತಾತ ಕೇಳಿದ್ರು, ಏನಾದ್ರೂ ಸುಟ್ಟು ಕೊಟ್ಟಿದ್ನಾ ಅಂತ.’

ಎಣಿಸಿ ಕೊಟ್ಟೆ. ರಸೀದಿ ಕೇಳಿದೆ.

‘ರಸೀದಿನಾ?’ ಎಂದ ಹುಡುಗ,
ಮೆಟ್ಟಿಲಿಳಿಯುವಾಗಲೂ ತಿರುತಿರುಗಿ ನೋಡುತ್ತಿದ್ದ.