ಹೌದು, ಆದರೆ

ರಾತ್ರಿ ಪಾಳಿ. ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ
ಒಂದು ಟ್ಯೂಬ್‌ಲೈಟು, ಅದಕ್ಕೆ ಮುತ್ತಿದ ಹುಳ.
ಹೊರಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು
ಗುತ್ತಲು ರಸ್ತೆಯ ತಿರುವಿನವರೆಗೂ ಕೆಮ್ಮುತ್ತ ನಿಂತಿದೆ.

ನನ್ನ ಆಟದ ಸಾಮಾನು ಇಷ್ಟೇ:
ರದ್ದಾದ ತೂಕದ ಚೀಟಿಗಳು, ಬೆನ್ನು ಖಾಲಿ ಇರುವಂಥವು;
ಕಿವಿಗೆ ಸಿಕ್ಕಿಸುವಷ್ಟೇ ಉಳಿದ ಪೆನ್ಸಿಲ್ಲು;
ಅವ್ವ ಜಗಲಿಕಲ್ಲಿಗೆ ಒಂದು ಮೈ ಉಜ್ಜಿ ಬೆಳ್ಳಗೆ ಮಾಡಿಟ್ಟಿದ್ದ
ಚೌಕಾಬಾರದ ನಾಲ್ಕು ಹುಣಸೆಬೀಜ.

ನಿಯಮ ಒಂದು ಬೀಡಿಯಷ್ಟು ಉದ್ದ.
ಕೇಳು. ಬೀಜ ಚೆಲ್ಲು.
ನಾಲ್ಕೂ ಕಪ್ಪಾದರೆ ಇಲ್ಲ.
ನಾಲ್ಕೂ ಬಿಳಿಯಾದರೆ ಹೌದು.
ನಡುವೆ ಏನು ಬಿದ್ದರೂ: ಹೌದು, ಆದರೆ.
ಆದರೆಯ ಮುಂದಿನದನ್ನು ನೀನೇ ಬರೆಯಬೇಕು.
ಹದಿನಾರರಲ್ಲಿ ಹದಿನಾಲ್ಕು ಸಲ ಬೀಳುವುದು ಆದರೆಯೇ;
ಲೆಕ್ಕ ಹಾಕಿದ್ದೇನೆ, ತೂಕದವನಲ್ಲವೆ.

ಮೊದಲ ರಾತ್ರಿ ಇದ್ದದ್ದು ಒಂದು ಹಳ್ಳ, ಒಬ್ಬಳು ಹೆಂಗಸು,
ಅವಳ ಕೈಯಲ್ಲೊಂದು ಗಂಟೆ.
ಹೆಸರು ಬೇಕಿತ್ತು. ಚೀಟಿಯ ಮಗ್ಗುಲು ತಿರುಗಿಸಿದೆ:
ಕೆಂಪಾಜಮ್ಮ, ಹೊಳಲು, ಕಬ್ಬು ಎಂಟು ಟನ್ನು.
ಸರಿ, ಕೆಂಪಾಜಿ.
ಗಂಟೆಗೆ ನಾಲಿಗೆ ಇದೆಯೆ? ಚೆಲ್ಲಿದೆ. ಎರಡು ಬಿಳಿ.
ಇದೆ, ಆದರೆ ಸುಳ್ಳು ಕೇಳಿದಾಗ ಮಾತ್ರ ನುಡಿಯುತ್ತದೆ.
ಅಲ್ಲಿಂದ ಶುರು.

ದೀಪಾವಳಿ ಕಳೆಯುವ ಹೊತ್ತಿಗೆ ಅವಳು
ಉಪ್ಪಿನ ಗೋಡೆ ದಾಟಿದ್ದಾಳೆ,
ನಿದ್ದೆ ಮಾರುವ ಸಂತೆಯಲ್ಲಿ ಎರಡು ಪಾವು ನಿದ್ದೆ ಕಡ ತಂದಿದ್ದಾಳೆ,
ಮೂರು ಸಲ ಸಾಯಬೇಕಿತ್ತು, ಮೂರು ಸಲವೂ ಆದರೆ ಕೈ ಹಿಡಿಯಿತು.
ಎಡಗಣ್ಣು ಹೋಗಿದೆ. ಅಳಿಸಲಿಲ್ಲ.
ರಬ್ಬರು ಇಟ್ಟುಕೊಳ್ಳದಿರುವುದೂ ನಿಯಮವೇ.

ನನ್ನದೊಂದು ಆಣೆ ಇತ್ತು: ಆ ಲೋಕದಲ್ಲಿ
ಕಬ್ಬು ಬೆಳೆಯಬಾರದು, ತಕ್ಕಡಿ ತೂಗಬಾರದು,
ಷಿಫ್ಟು ಮುಗಿಯಿತೆಂದು ಸೈರನ್ನು ಕೂಗಬಾರದು.
ಆದರೂ ನಿನ್ನೆ ಮೋಡದ ಸೇತುವೆಯ ಬಾಯಲ್ಲಿ
ಕಾವಲಿನವನು ಅವಳನ್ನು ತಡೆದು ಕೇಳಿದ್ದು,
ಹೋಗುವಾಗ ಎಷ್ಟು ತೂಕ, ಬರುವಾಗ ಎಷ್ಟು?
ಬರೆದದ್ದು ನನ್ನದೇ ಕೈ.

ಗಾಜು ಬಡಿದವನು ದುದ್ದದ ಚಲುವಯ್ಯ.
'ಅದ್ಯಾರ ಜೊತೆ ಆಡ್ತಾ ಇದೀರಿ ಸಾ?'
'ಯಾರೂ ಇಲ್ಲ ಕಣಯ್ಯ. ಒಬ್ನೇ.'
'ಒಬ್ರೇ ಆದ್ರೆ ಗೆಲ್ಲೋರ್ಯಾರು?'
'ಗೆಲ್ಲೋದಿಲ್ಲ. ಮುಂದೇನಾಯ್ತು ಅಂತ ನೋಡೋದು.'
ಟವೆಲ್ಲು ಕೊಡವಿ ಕೂತ. ಕೇಳಿಸಿಕೊಂಡ. ಅಂದ:
'ದೇವ್ರತ್ರ ಹೂವು ಕೇಳ್ದಂಗೆ.
ಬಲಕ್ಕೆ ಬಿದ್ರೆ ಆಯ್ತು, ಎಡಕ್ಕೆ ಬಿದ್ರೆ ಇಲ್ಲ.
ನಮ್ಮ ದೇವ್ರು ಮಾತ್ರ ಆದ್ರೆ ಗೀದ್ರೆ ಅನ್ನಕಿಲ್ಲ.'

ಸ್ವಲ್ಪ ಹೊತ್ತು ಬಿಟ್ಟು, ನಿಧಿಯ ಮಾತಲ್ಲ, ರಕ್ಕಸರ ಮಾತಲ್ಲ,
'ಆ ಸೇತ್ವೆ ತಾವ ಟೀ ಸಿಕ್ತದಾ?'

ಮೂರು ತಿಂಗಳಲ್ಲಿ ನನಗೆ ಹೊಳೆಯದ ಪ್ರಶ್ನೆ.
ಬೀಜ ಅವನ ಕೈಗೇ ಕೊಟ್ಟೆ.
ಗ್ರೀಸು ಮೆತ್ತಿದ ಬೆರಳು ಒಮ್ಮೆ ಮುಚ್ಚಿ, ತೆರೆಯಿತು.
ಒಂದು ಬಿಳಿ, ಮೂರು ಕಪ್ಪು.
'ಸಿಗುತ್ತೆ,' ಅಂದೆ, 'ಆದರೆ...'
ಹಿಂದಿನ ಟ್ರ್ಯಾಕ್ಟರು ಹಾರನ್ನು ಒತ್ತಿ ಹಿಡಿಯಿತು.
ನನಗೇನೂ ತೋಚಲಿಲ್ಲ. ಅವನೇ ಹೇಳಿದ:
'ಆದ್ರೆ ಲೋಟ ನಾವೇ ತಕ್ಕಂಡು ಹೋಗ್ಬೇಕು.'

ಹೇಳುವಾಗ ಅವನು ನಗಲಿಲ್ಲ.
ಚೀಟಿ ಇಸಕೊಂಡು, ಹದಿನಾಲ್ಕು ಟನ್ನು ಇನ್ನೂರ ನಲವತ್ತು ಕೇಜಿ,
ಗೇರು ಬದಲಿಸಿ ಒಳಗೆ ಹೋದ.

ಸೇತುವೆಯ ಈ ಬದಿ ಕೆಂಪಾಜಿ ಒಂಟಿಗಣ್ಣಲ್ಲಿ ನಿಂತೇ ಇದ್ದಾಳೆ.
ಅವಳ ಗಂಟೆ ಅಲ್ಲಾಡಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳ ಚೀಲದ ಪಟ್ಟಿಗೆ,
ಹಗ್ಗ, ಉಪ್ಪು, ಕಡ ತಂದ ನಿದ್ದೆಯ ಕೆಳಗೆ, ಬರೆದೆ:
ಲೋಟ, ಒಂದು.
ಒಂದನ್ನು ಹೊಡೆದುಹಾಕಿ, ಎರಡು.

ಕಾವಲಿನವನು ಇದನ್ನೂ ತೂಗುತ್ತಾನೆಯೆ?
ಬೀಜ ಮುಷ್ಟಿಯಲ್ಲಿ ಬೆಚ್ಚಗಾಗಿವೆ.
ಇನ್ನೂ ಚೆಲ್ಲಿಲ್ಲ.